ಮೊಮ್ಮಗಳ ಕೆನ್ನೆಗೆ ತಕ್ಕ ಬ್ರಷ್

ಗಂಡಸರ ಗಡ್ಡ ಅವರ ಸ್ವಂತ ಹೊಲ ಇದ್ದಂತೆ, ಅದರಲ್ಲಿ ಹೆಂಗಸರು ಕಾಲಿಡಬಾರದು ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಯಾವ ಮಿಕ್ಸರ್ ಚಲೋ, ಯಾವ ಕುಕ್ಕರ್ ತಾಳಿಕೆ ಬರುತ್ತದೆ ಅಂತ ಕೇಳಿದರೆ ಹೇಳಿಯೇನು. ಗಡ್ಡದ ಸಾಮಾನಿನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳಿಗೆ ಆ ಉಸಾಬರಿ ಯಾಕೆ? ಆದರೆ ಮನೆಯಲ್ಲಿ ಮೊಮ್ಮಗಳು ಹುಟ್ಟಿದರೆ ಬೇಡದ ವಿದ್ಯೆಗಳೆಲ್ಲ ತಾವಾಗಿಯೇ ಬಂದುಬಿಡುತ್ತವೆ. ನಮಗೆ ಪಾರು ಹುಟ್ಟಿದಳು. ಇದನ್ನು ಬರೆಯುವಾಗಲೂ ನಾನು ಒಬ್ಬಳೇ ನಗುತ್ತಿದ್ದೇನೆ. ಅವಳ ಕೆನ್ನೆಯ ವರ್ಣನೆಗೆ ಹೊರಟರೆ ಬೇರೆ ಯಾವ ಮಾತಿಗೂ ಜಾಗ ಉಳಿಯುವುದಿಲ್ಲ. ಆಗತಾನೇ ಕಡೆದು ತೆಗೆದ ಬೆಣ್ಣೆಗೆ ಯಾರೋ ಎರಡು ಕಣ್ಣು ಇಟ್ಟ ಹಾಗೆ ಇದ್ದಾಳೆ, ಅಷ್ಟು ಸಾಕು.

ತೊಂದರೆ ಅಂದರೆ ಅವಳ ಅಜ್ಜ, ಅಂದರೆ ನಮ್ಮ ಮನೆಯವರು. ಮಸ್ಕಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಅಲ್ಲಿ ಬ್ಲೇಡಿನ ಪಟ್ಟಿಗಳು ತೋರಣದಂತೆ ತೂಗುತ್ತಿರುತ್ತವೆ, ಆದರೆ ಅವು ಗಿರಾಕಿಗಳ ಪಾಲು. ಇವರು ಮಾತ್ರ ಒಂದೇ ಬ್ಲೇಡನ್ನು ಗಾಜಿನ ಗ್ಲಾಸಿನ ಒಳಗೆ ತಿಕ್ಕಿ ತಿಕ್ಕಿ ಮತ್ತೆ ಮತ್ತೆ ಬದುಕಿಸುತ್ತಾರೆ. ಮೈಗೆ ಹಚ್ಚುವ ಸಾಬೂನನ್ನೇ ಬೆರಳಿನಿಂದ ಬಳಿದುಕೊಂಡು, ಅಂಗಡಿ ತೆರೆಯುವ ಗಡಿಬಿಡಿಯಲ್ಲಿ ವಾರಕ್ಕೊಮ್ಮೆ ಹೆರೆದುಕೊಂಡರೆ ಆಯಿತು. ಹೆರೆದ ಮೇಲೂ ಆ ಕೆನ್ನೆ ಜೋಳ ಕೊಯ್ದ ಹೊಲದ ಕೂಳೆಯಂತೆಯೇ. ಅವರು ಕೂಸನ್ನು ಎತ್ತಿ ಮುದ್ದಿಡುವುದು, ಕೂಸು ಕಿಟಾರನೆ ಚೀರುವುದು, ಬಾಣಂತನಕ್ಕೆ ಬಂದಿದ್ದ ಮಗಳು ಗಿರಿಜಾ ಓಡಿ ಬಂದು ಕಸಿದುಕೊಳ್ಳುವುದು. "ಯಪ್ಪಾ, ಕೆನ್ನಿ ಹ್ಯಾಂಗ ಕೆಂಪಗಾಗೇತಿ ನೋಡು. ಇನ್ನ ದೂರಿಂದನ ಮಾತಾಡ್ಸು" ಎಂದಳು ಒಂದು ದಿನ. ಅವತ್ತಿನಿಂದ ಇವರು ಕೈ ಹಿಂದಕ್ಕೆ ಕಟ್ಟಿಕೊಂಡು, ತೊಟ್ಟಿಲಿನಿಂದ ಮಾರು ದೂರ ನಿಂತು, ಕರೆಯದ ಮದುವೆಗೆ ಬಂದವರ ಹಾಗೆ "ಪಾರವ್ವಾ, ಪಾರವ್ವಾ" ಅನ್ನತೊಡಗಿದರು.

"ಗಿರಿಜಾ ಸಣ್ಣಾಕಿ ಇದ್ದಾಗ ಹಿಂಗ ಅಳ್ತಿರಲಿಲ್ಲಲ್ಲ?" ಎಂದು ನನ್ನನ್ನು ಕೇಳಿದರು.

"ಆಗ ನೀವು ಆಕಿನ್ನ ಎತ್ತಿಕೊಂಡಿದ್ರ ಗೊತ್ತಾಗ್ತಿತ್ತು" ಎಂದೆ.

ಅಂದ ಮೇಲೆ ನನಗೇ ಕೆಡುಕೆನಿಸಿತು. ಆಗಿನ ಕಾಲಕ್ಕೆ ಹಿರಿಯರ ಎದುರು ತನ್ನ ಕೂಸನ್ನು ತಾನೇ ಎತ್ತಿಕೊಳ್ಳುವುದೆಂದರೆ ಗಂಡಸಿಗೆ ನಾಚಿಕೆ. ಅಂದು ಇಡದ ಮುದ್ದೆಲ್ಲ ಒಳಗೇ ಉಳಿದು, ಈಗ ಹೊರಗೆ ಬರಲು ದಾರಿ ಹುಡುಕುತ್ತಿತ್ತೇನೋ.

ಸೋಮವಾರ ನಸುಕಿನಲ್ಲೇ ಲಿಂಗಸುಗೂರಿನ ಬೀಗರು ತಾಯಿ-ಕೂಸನ್ನು ಕರೆದೊಯ್ಯಲು ಬರುವವರಿದ್ದರು. ರವಿವಾರ ಮಧ್ಯಾಹ್ನ ಇವರು ಅಂಗಡಿ ಮುಚ್ಚಿ ಬಂದು ನಿಂತರು. "ಏ, ನಡಿ, ಸಿಂಧನೂರಿಗೆ ಹೋಗಿ ಗಡ್ಡದ ಚಲೋ ಸಾಮಾನು ತರೋಣು. ಒಂದ ಸಲರ ಕೂಸಿನ ಕೆನ್ನಿಗೆ ಕೆನ್ನಿ ಹಚ್ಚಿ ಕಳಸ್ತೀನಿ." ನಾನು ಹೊತ್ತು ನೋಡಿದೆ. ನಮ್ಮ ಮನೆಯಲ್ಲಿ ಸೋಮವಾರ ಯಾರೂ ಗಡ್ಡ ಮುಟ್ಟುವುದಿಲ್ಲ. ಬೇರೆ ದಿನವಾದರೂ ದೇವರ ಮುಂದೆ ದೀಪ ಹಚ್ಚಿದ ಮೇಲೆ ಮುಟ್ಟುವಂತಿಲ್ಲ. ಹೊತ್ತು ಮುಳುಗುವುದರೊಳಗೆ ತಿರುಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಿಂಧನೂರಿನ ಅಂಗಡಿಯವನು ಗಾಜಿನ ಮೇಜಿನ ಮೇಲೆ ಒಂದೊಂದೇ ಇಟ್ಟ: ಫಳಫಳ ಹೊಳೆಯುವ ಭಾರದ ರೇಜರು, ಎರಡು ಬ್ರಷ್, ಡಬ್ಬಿಯ ಸಾಬೂನು, ಘಮ್ಮೆನ್ನುವ ನೀರಿನ ಬಾಟಲಿ. ಒಂದಕ್ಕೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡುವುದು, ಉಳಿದದ್ದೆಲ್ಲ ಸಾದಾ ಎಂದು ಬಸ್ಸಿನಲ್ಲೇ ಮಾತಾಗಿತ್ತು. ಇವರು ರೇಜರನ್ನು ಅಂಗೈಯಲ್ಲಿಟ್ಟು ತೂಗಿ ತೂಗಿ ನೋಡಿದರು. ಕಣ್ಣು ಅದರ ಮೇಲೇ ನಿಂತಿತ್ತು. ನಾನು ಯೋಚಿಸಿದೆ. ಕೊಯ್ಯುವುದು ಬ್ಲೇಡು, ಹಿಡಿಕೆ ಎಷ್ಟು ಹೊಳೆದರೂ ಅದರ ಕೆಲಸ ಹಿಡಿದುಕೊಳ್ಳುವುದು. ಘಮ್ಮೆನ್ನುವ ನೀರು ಯಾರಿಗೆ? ಕೂಸು ಸೀನುತ್ತದೆ ಅಷ್ಟೆ. ಉದ್ದಿನಬೇಳೆಯನ್ನು ನೆನೆಯಿಡದೆ ನಾನು ಎಂದಾದರೂ ರುಬ್ಬಿದ್ದುಂಟೇ? ಗಡ್ಡವೂ ಹಾಗೇ. ನೆನೆಯಬೇಕು, ಮೆತ್ತಗಾಗಬೇಕು. ಅದನ್ನು ಮಾಡುವುದು ಬ್ರಷ್. ಅದರಲ್ಲಿ ಯಾವುದು ಎಂದು ತಿಳಿಯದೆ, ಕಣ್ಣು ಮುಚ್ಚಿ, ಒಂದೊಂದನ್ನೇ ನನ್ನ ಕೆನ್ನೆಗೆ ಆಡಿಸಿಕೊಂಡೆ. ಒಂದು ಕಸಬರಿಗೆಯ ತುದಿ. ಇನ್ನೊಂದು ಎಳೆಗರುವಿನ ಕಿವಿ.

"ಅಮ್ಮಾರ, ಗಡ್ಡ ಯಾರಿಗ್ರೀ?" ಎಂದ ಅಂಗಡಿಯವನು, ನಗು ತಡೆದುಕೊಂಡು.

"ನಮ್ಮ ಮೊಮ್ಮಗಳಿಗಪ್ಪಾ" ಎಂದೆ, ಕಣ್ಣು ತೆರೆಯದೆಯೇ. ಇವರು ನಾಚಿ ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು.

ಕರುವಿನ ಕಿವಿಯನ್ನೇ ಕೊಂಡೆವು. ಆದರೆ ಬರುವಾಗ ಭತ್ತ ತುಂಬಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಬಸ್ಸು ಮೆರವಣಿಗೆಗೆ ಬಂದ ಹಾಗೆ ತೆವಳಿತು. ಕಿಟಕಿಯಲ್ಲಿ ಸೂರ್ಯ ಇಳಿಯುತ್ತ ಇಳಿಯುತ್ತ ಹೋದ. ಇವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಕಡೆಯೇ ನೋಡುತ್ತಿದ್ದರು. ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಮಬ್ಬು ಕವಿದಿತ್ತು. "ಇರ್ಲಿ ಬಿಡು. ಇನ್ನೇನು ದೀಪ ಹಚ್ಚೂ ಹೊತ್ತು" ಎಂದು ಚೀಲವನ್ನು ಗೂಟಕ್ಕೆ ಹಾಕಿದರು.

ಮದುವೆಯಾಗಿ ಬಂದಾಗಿನಿಂದ ನಾನು ದೀಪದ ಹೊತ್ತು ತಪ್ಪಿಸಿದವಳಲ್ಲ. ಅವತ್ತು ಬತ್ತಿ ಹೊಸೆಯಲು ಕುಳಿತೆ. ಹೊಸೆದ ಬತ್ತಿ ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹೊಸೆದೆ. "ದೀಪ ಹಚ್ಚೂದು ನಾನು. ನಾ ಇನ್ನೂ ಹಚ್ಚಿಲ್ಲ. ಬಚ್ಚಲಕ್ಕ ನಡೀರಿ" ಎಂದೆ.

"ಕತ್ತಲಾಗೇತಲ್ಲ, ಬಲ್ಬು ಹಾಕಬೇಕಾಕೈತಿ. ಅದೂ ದೀಪನ ಅಲ್ಲೇನು?"

"ಅದು ಕರೆಂಟಿನವರ ದೀಪ, ನಮ್ಮ ದೇವ್ರದಲ್ಲ. ಹಾಕ್ಕೋರಿ."

ಹೊಸ ಬ್ಲೇಡು, ಬಿಸಿನೀರು, ಗಿಣ್ಣದಂಥ ನೊರೆ. ಅವರು ಅವಸರ ಮಾಡಲಿಲ್ಲ. ನಾನೂ ಬತ್ತಿಯ ಅವಸರ ಮಾಡಲಿಲ್ಲ. ಮುಖ ತೊಳೆದು ಬಂದಾಗ ಗುರುತು ಸಿಗಬಾರದು, ಅಷ್ಟು ನುಣುಪು. ಗಿರಿಜಾ ತಂದೆಯ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಕೂಸನ್ನು ಕೊಟ್ಟಳು. ಅವರು ಕೆನ್ನೆಗೆ ಕೆನ್ನೆ ಇಟ್ಟರು. ಪಾರು ಅಳಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು ಅಜ್ಜನ ಗದ್ದವನ್ನು ಚೀಪತೊಡಗಿದಳು. ಅವರು ಕಣ್ಣು ಮುಚ್ಚಿ ನಿಂತೇ ಇದ್ದರು. ನಾನು ದೀಪ ಹಚ್ಚಿ, ದೇವರಿಗೆ ತಡವಾದದ್ದಕ್ಕೆ ಕಾರಣ ಹೇಳಲಿಲ್ಲ. ಅವನೂ ನೋಡುತ್ತಲೇ ಇದ್ದನಲ್ಲ.

ಅಷ್ಟಕ್ಕೇ ಬಿಡಬೇಕಿತ್ತು. ನನಗೂ ಆಸೆಯಾಯಿತು. ಯಾವಾಗಲೂ ಕೂಸಿನ ಪಾದಕ್ಕೆ ಮುತ್ತಿಡುತ್ತಿದ್ದ ನಾನು, ಅವತ್ತು ಕಸಿದುಕೊಂಡು ಕೆನ್ನೆಗೆ ಕೆನ್ನೆ ಒತ್ತಿದೆ. ಪಾರು ಮನೆ ಒಂದಾಗುವಂತೆ ಚೀರಿದಳು.

"ಯವ್ವಾ, ನಿನ್ನ ಮೂಗುಬಟ್ಟು ಚುಚ್ಚೇತಿ!" ಎಂದಳು ಗಿರಿಜಾ. ಇವರು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕೆನ್ನೆಗೆ ಇಟ್ಟುಕೊಂಡರು. ಸುಮ್ಮನಾಯಿತು.

ಬೀಗರು ಬಂದು ಕರೆದೊಯ್ದರು. ಮರುದಿನ ಬಂಗಾರದ ಕೆಲಸದ ಪತ್ತಾರರ ಅಂಗಡಿಯಲ್ಲಿ ಕುಳಿತಿದ್ದೆ. "ಎಂಥಾ ಮೂಗುತಿ ಬೇಕಬೇ, ಹೊಳಿಯೂದೇನು?" ಎಂದ ಪತ್ತಾರ. "ಹೊಳೀಲಿ ಬಿಡ್ಲಿ, ಚುಚ್ಚಬಾರದಪ್ಪಾ" ಎಂದೆ. ಅವನು ಬೆಲೆ ಹೇಳಿದ. ಹಿಂದೆ ನಿಂತಿದ್ದ ನಮ್ಮ ಮನೆಯವರು ಒಮ್ಮೆ ಕೆಮ್ಮಿದರು. ನಾನು ತಿರುಗಿ ನೋಡಲಿಲ್ಲ.