ಅಮ್ಮನ ಚೀಟಿಗೆ ನನ್ನ ಸೀಲು

ಒಂದೇ ತಿಂಗಳಲ್ಲಿ ಅಮ್ಮನ ಹಣಕಾಸನ್ನೆಲ್ಲ ಹಳಿಗೆ ತಂದುಬಿಡುತ್ತೇನೆ ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಿತ್ತು! ಇಪ್ಪತ್ತಾರು ವರ್ಷ ಕೈರೋದ ಸರ್ಕಾರಿ ಕಚೇರಿಯಲ್ಲಿ ಸೀಲು ಹೊಡೆದ ಕೈ ಇದು!

ಅಮ್ಮನಿಗೆ ಎಪ್ಪತ್ತೆಂಟು. ಮಂಡಿ ಕೈಕೊಟ್ಟಿದೆ. ಮೂರು ಮಹಡಿ ಇಳಿಯುವುದು ಆಗದ ಮಾತು. ಆದ್ದರಿಂದ ಒಂದು ದಿನ ಕುರ್ಚಿಯ ಸಮೇತ ಹೊತ್ತೊಯ್ದು, ನೋಂದಣಿ ಕಚೇರಿಯಲ್ಲಿ ಜನರಲ್ ಮುಖ್ತ್ಯಾರ್ ಪತ್ರ ಮಾಡಿಸಿದೆ. ಅಮ್ಮನ ಪರವಾಗಿ ಕೊಳ್ಳಲು, ಮಾರಲು, ಸಹಿ ಹಾಕಲು, ಮಾತಾಡಲು, ಕೋರ್ಟು ಹತ್ತಲು ಎಲ್ಲಕ್ಕೂ ನಾನೇ! ಕೆಳಗೆ ಸರ್ಕಾರದ ಹದ್ದಿನ ಸೀಲು ಬೇರೆ. ಆ ಹದ್ದನ್ನು ಕಂಡಾಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ.

ಪಿಂಚಣಿ, ಬ್ಯಾಂಕು ಎರಡೇ ದಿನದಲ್ಲಿ ದಾರಿಗೆ ಬಂದವು. ಉಳಿದದ್ದು ಚೀಟಿ. ಅಮ್ಮ ಮೂವತ್ತು ವರ್ಷದಿಂದ ನಮ್ಮ ಬೀದಿಯ ಹನ್ನೆರಡು ಹೆಂಗಸರ ಚೀಟಿ ನಡೆಸುತ್ತಾಳೆ. ತಿಂಗಳಿಗೊಬ್ಬರ ಸರದಿ. ಪುಸ್ತಕವಿಲ್ಲ, ರಸೀದಿಯಿಲ್ಲ, ಎಲ್ಲ ಅಮ್ಮನ ತಲೆಯಲ್ಲಿ! ಈ ತಿಂಗಳು ಕಡೆಯ ಸರದಿ, ನನ್ನ ಹೆಂಡತಿ ನಗ್ವಾಳದು. ಇನ್ನು ಹತ್ತು ದಿನಕ್ಕೆ ಮಗಳು ರಬಾಬಳ ಮದುವೆ. ಫ್ರಿಜ್ ಹೆಣ್ಣಿನ ಕಡೆಯವರೇ ಕೊಡಬೇಕು. ಆ ಫ್ರಿಜ್ಜಿಗಾಗಿ ನಗ್ವಾ ಹನ್ನೊಂದು ತಿಂಗಳು ಕಾದಿದ್ದಳು.

ನಾನು ಮೆಟ್ಟಿಲ ಬಳಿ ನೋಟಿಸ್ ಅಂಟಿಸಿದೆ: 'ಚೀಟಿಯ ಸದಸ್ಯರು ಗುರುತಿನ ಕಾರ್ಡಿನ ಎರಡು ನಕಲುಗಳೊಂದಿಗೆ ಸಂಜೆ ಐದರಿಂದ ಏಳರ ಒಳಗೆ ಹಾಜರಾಗಿ, ಹಣ ಪಾವತಿಸಿ ಸಹಿ ಹಾಕತಕ್ಕದ್ದು. ಕಾನೂನುಬದ್ಧ ಪ್ರತಿನಿಧಿ, ವಗ್ದಿ.'

ಮೇಜು, ರಸೀದಿ ಪುಸ್ತಕ, ಇಂಕಿನ ಪ್ಯಾಡು ಜೋಡಿಸಿಕೊಂಡು ಕೂತೆ. ಬಂದದ್ದು ಒಬ್ಬಳೇ, ಮೇಲಿನ ಮನೆಯ ಇನ್ಸಾಫ್ ಚಿಕ್ಕಮ್ಮ. ಅದೂ ಬರಿಗೈಯಲ್ಲಿ!

"ನಿಮ್ಮಮ್ಮ ಬದುಕಿದ್ದಾಳೆ ತಾನೇ?"

"ಒಳಗೆ ಅಕ್ಕಿ ಆರಿಸ್ತಿದ್ದಾಳೆ, ಚಿಕ್ಕಮ್ಮ."

"ಮತ್ತೆ ನೀನ್ಯಾರು ದುಡ್ಡು ಕೇಳೋಕೆ? ನಿನ್ನ ಅಂಡು ತೊಳೆದವಳು ನಾನು! ನನ್ನ ಗುರುತೇ ಸಿಗಲ್ವಾ ನಿಂಗೆ? ಕಾರ್ಡು ಬೇರೆ ಬೇಕಾ?"

"ಇದು ಕಾನೂನು, ಚಿಕ್ಕಮ್ಮ! ಇದರಲ್ಲಿ ಕೋರ್ಟಿಗೆ ಹೋಗೋ ಹಕ್ಕೂ ಇದೆ!"

ಬಾಯಿತಪ್ಪಿ ಬಂದ ಮಾತಲ್ಲ ಅದು, ಹದ್ದು ಆಡಿಸಿದ ಮಾತು! ಬೆಳಗಾಗುವಷ್ಟರಲ್ಲಿ, ವಗ್ದಿ ಹನ್ನೊಂದು ಹೆಂಗಸರ ಮೇಲೆ ಕೇಸು ಹಾಕಿದ್ದಾನೆಂದು ಬೀದಿಗೆಲ್ಲ ಸುದ್ದಿ. ಬೇಯಿಸಿದ ಅವರೆ ಮಾರುವವನು ನನ್ನನ್ನು ಬಿಟ್ಟು ಸಾಲಿನಲ್ಲಿ ಹಿಂದಿದ್ದವನಿಗೆ ಬಡಿಸಿದ. ಇಸ್ತ್ರಿಯವನು ನನ್ನ ಅಂಗಿಗಳನ್ನು ಹಾಗೇ ಮುದ್ದೆ ಮಾಡಿ ವಾಪಸು ಕಳಿಸಿದ. ಅವನ ಹೆಂಡತಿಯೂ ಚೀಟಿಯಲ್ಲಿದ್ದಾಳೆಂದು ನನಗೇನು ಗೊತ್ತು? ನಾಲ್ಕು ದಿನ ಕಳೆದರೂ ಒಂದು ಪೌಂಡು ಬರಲಿಲ್ಲ.

"ವಗ್ದಿ ಸಾಹೇಬ್ರೇ, ನನ್ನ ಫ್ರಿಜ್ ಎಲ್ಲಿ?" ಎಂದಳು ನಗ್ವಾ.

"ಕಾನೂನು ಪ್ರಕಾರ ಅವರೆಲ್ಲ..."

"ಕಾನೂನಲ್ಲಿಟ್ರೆ ಮೊಸರು ತಣ್ಣಗಿರತ್ತಾ? ಬೀಗರ ಮುಂದೆ ಆ ಹದ್ದಿನ ಕಾಗದ ಇಟ್ಟು, ಇದೇ ಫ್ರಿಜ್ ಅನ್ನಲಾ?"

ಅವಳ ಕಣ್ಣಲ್ಲಿ ನೀರಿತ್ತು.

ಆಗ ಅಮ್ಮ ಅಕ್ಕಿಯ ಮೊರ ಪಕ್ಕಕ್ಕಿಟ್ಟಳು. "ಏಯ್ ವಗ್ದಿ, ಬುಟ್ಟಿ ತಗೊಂಡ್ಬಾ."

ಬಾಲ್ಕನಿಯಿಂದ ಹಗ್ಗ ಕಟ್ಟಿ ತರಕಾರಿಗೆ ಇಳಿಬಿಡುವ ಬುಟ್ಟಿ ಅದು. ಅಮ್ಮ ಕಂಬಿ ಹಿಡಿದು ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಏ ಹೆಣ್ಣುಮಕ್ಕಳೇ! ನನ್ನ ಮಗ ಆಫೀಸಿನವನು, ಅವನಿಗೇನು ಗೊತ್ತಾಗತ್ತೆ! ಅವನ ಮಾತು ಮನಸ್ಸಿಗೆ ಹಚ್ಕೋಬೇಡಿ. ನಮ್ಮ ರಬಾಬಳ ಫ್ರಿಜ್ ಬಾಕಿ ಇದೆ!"

ಬುಟ್ಟಿ ಕೆಳಗಿಳಿಯಿತು. ಮೇಲೆ ಬಂದಾಗ ಹತ್ತು ಲಕೋಟೆ! ಹನ್ನೊಂದನೆಯದು ಇನ್ಸಾಫ್ ಚಿಕ್ಕಮ್ಮನ ಬುಟ್ಟಿಯಲ್ಲಿ ಮೇಲಿಂದ ಇಳಿಯಿತು, ಬೇಕೆಂದೇ ನನ್ನ ತಲೆಗೆ ಬಡಿದುಕೊಂಡು.

"ಅಮ್ಮಾ, ನಾಲ್ಕು ದಿನದಿಂದ ನೋಡ್ತಾ ಕೂತಿದ್ಯಲ್ಲ! ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ನಾನು ಹೇಗಪ್ಪಾ ಹೇಳ್ಲಿ? ನನ್ನ ಪರವಾಗಿ ಮಾತಾಡೋ ಹಕ್ಕು ನಿಂಗೆ ಬರ್ಕೊಟ್ಟಿದ್ದೀನಲ್ಲ!"

ಫ್ರಿಜ್ ಬಂತು, ಮದುವೆಯೂ ಆಯಿತು, ನನ್ನ ಜೇಬು ಪೂರ್ತಿ ಬರಿದಾಯಿತು. ಹೊಸ ಚೀಟಿ ಶುರುವಾದಾಗ ನಾಚಿಕೆ ಬಿಟ್ಟು ಬಾಲ್ಕನಿಗೆ ಬಂದು, ನನ್ನ ಹೆಸರನ್ನೂ ಸೇರಿಸಿಕೊಳ್ಳಿ ಎಂದೆ.

"ಯಾರ ಜಾಮೀನಿನ ಮೇಲೆ?" ಮೇಲಿನ ಬಾಲ್ಕನಿಯಿಂದ ಪ್ರಶ್ನೆ ಬಂತು.

"ನಂದೇ ಜಾಮೀನು ಕಣೇ ಇನ್ಸಾಫ್," ಎಂದಳು ಅಮ್ಮ. ನನ್ನ ಎದೆ ತುಂಬಿ ಬಂತು.

ಅಷ್ಟರಲ್ಲಿ ಮೇಲಿನ ಬುಟ್ಟಿ ನಿಧಾನವಾಗಿ ಇಳಿದು ನನ್ನ ಮೂಗಿನ ಮುಂದೆ ನಿಂತಿತು. ಒಳಗೆ ಏನೂ ಇರಲಿಲ್ಲ.

"ಗುರುತಿನ ಕಾರ್ಡಿನ ಎರಡು ನಕಲು ಹಾಕಪ್ಪಾ," ಎಂದಳು ಚಿಕ್ಕಮ್ಮ. "ಸಂಜೆ ಐದರಿಂದ ಏಳರ ಒಳಗೆ!"