ರಾಕ್ಷಸನಿಗೆ ಹೊಸ ಬಟ್ಟೆ

ಮಕ್ಕಳು ನಗುತ್ತಿರಲಿ ಎಂದು ಹಾರೈಸುವವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಮಕ್ಕಳು ಕಿಟಾರನೆ ಕಿರುಚಲಿ, ಗೊಳೋ ಎಂದು ಅಳಲಿ, ಸಾಧ್ಯವಾದರೆ ಚಡ್ಡಿ ಒದ್ದೆ ಮಾಡಿಕೊಳ್ಳಲಿ ಎಂದು ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಬೇಡಿಕೊಳ್ಳುವವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ! ಹೆಸರು ಹೇಳಿದರೆ ಮುಂಬಯಿಯ ಮಲಾಡ್ ಸ್ಟೇಷನ್ನಿನ ಆಸುಪಾಸಿನಲ್ಲಿ ಈಗಲೂ ಗುರುತು ಹಿಡಿಯುವವರಿದ್ದಾರೆ, ಆದ್ದರಿಂದ ಹೆಸರು ಬೇಡ.

ಮಾವ ಕ್ರೂರಿ ಎಂದು ಮಾತ್ರ ತಿಳಿಯಬೇಡಿ. ಸ್ಟೇಷನ್ನಿನ ಹತ್ತಿರ ಅವರದೊಂದು ಚಿಕ್ಕ ಉಡುಪಿ ಹೋಟೆಲು. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಅದನ್ನು ಊದಿ ಊದಿ ಆಚೆ ಕಳಿಸುವ ಮನುಷ್ಯ. ಆದರೆ ವರ್ಷಕ್ಕೊಮ್ಮೆ, ಹೋಟೆಲಿನವರೆಲ್ಲ ಸೇರಿ ಶಾಲೆಯ ಹಾಲ್‌ನಲ್ಲಿ ಯಕ್ಷಗಾನದ ಆಟ ಆಡುವ ದಿನ, ಅವರು ರಾಕ್ಷಸ. ಊರಲ್ಲಿ ಹುಡುಗನಾಗಿದ್ದಾಗಲೇ ರಾಕ್ಷಸರ ಬಣ್ಣದ ವೇಷ ಕಲಿತವರು. ಅಲ್ಲಿ ತೆರೆ ಸರಿದು ಅವರ ಮುಖ ಕಂಡರೆ ಸಾಕು, ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರಿಬಿಡುತ್ತಿದ್ದರಂತೆ. ಮುಂಬಯಿಯ ಮಕ್ಕಳೋ! ಮೊದಲ ವರ್ಷ ಮಾವ ಆರ್ಭಟಿಸುತ್ತ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಪೋರನೊಬ್ಬ, "ಅರೇ, ಯೇ ತೋ ಹೋಟೆಲ್‌ವಾಲಾ ಸೇಠ್!" ಎಂದನಂತೆ. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವನಿಗೆ ಅದು ಎದೆಗೇ ನಾಟಿತು. ಸಾಯುವುದರೊಳಗೆ ಈ ಊರಿನ ಒಂದೇ ಒಂದು ಮಗುವನ್ನಾದರೂ ಹೆದರಿಸಬೇಕು ಎಂದು ಅವರು ಹಟ ಹಿಡಿದದ್ದು ಅಂದಿನಿಂದ.

ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಮಾವನ ಹೋಟೆಲಿನ ಅಟ್ಟದ ಮೇಲೆ ಮಲಗಲು ಶುರುಮಾಡಿದ ಕಾಲಕ್ಕೆ ಈ ಹಟ ಚೆನ್ನಾಗಿ ಬಲಿತಿತ್ತು. ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಹೋಟೆಲಿಗೆ ಒಂದು ಮಂಪರು ಕವಿಯುತ್ತಿತ್ತು. ಆಗಿನ ಮಲಾಡ್ ಅಂದರೆ ನಾಲ್ಕು ಹೆಜ್ಜೆ ಹೋದರೆ ಗದ್ದೆ, ತಾಳೆಮರ. ದೂರದಲ್ಲಿ ಲೋಕಲ್ ಒಂದು ಕೂಗಿ, ಆ ಕೂಗು ಕರಗಿಹೋಗುವವರೆಗೂ ಕೇಳಿಸುತ್ತಿತ್ತು. ಗಲ್ಲಾದ ಮೇಲೆ ಮಾವ ಗಲ್ಲಕ್ಕೆ ಕೈಕೊಟ್ಟು ಕೂತು ತೆರೆದ ಕಣ್ಣಲ್ಲೇ ಕನಸು ಕಾಣುತ್ತಿದ್ದರು. ಆಗ ಗಿರಾಕಿ ಬಂದು ಒಂದು ಕಪ್ ಚಹಾ ಎಂದರೆ, "ಕೋರೆಹಲ್ಲು ಬೇಕಾ?" ಎಂದು ಕೇಳಿದ್ದೂ ಉಂಟು.

ಇಂಥ ಒಂದು ಮಧ್ಯಾಹ್ನವೇ ಅವರ ಕೈಗೆ ಆ ಪುಸ್ತಕಗಳು ಸಿಕ್ಕಿದ್ದು. ವಡೆ ಕಟ್ಟಿಕೊಡಲು ಹೋಟೆಲಿಗೆ ರದ್ದಿ ಕಾಗದ ಮೂಟೆಗಟ್ಟಲೆ ಬರುತ್ತಿತ್ತು. ಬಂದರಿನ ಕಡೆಯಿಂದ ಬಂದ ಒಂದು ಮೂಟೆಯಲ್ಲಿ ಅಮೆರಿಕದ ಬಣ್ಣಬಣ್ಣದ ಚಿತ್ರಕಥೆಗಳ ರಾಶಿ! ಮಾವನಿಗೆ ಇಂಗ್ಲಿಷ್ ಬಾರದು. ಅದರಿಂದ ಅವರಿಗೆ ಒಂದಿಷ್ಟೂ ತೊಂದರೆಯಾಗಲಿಲ್ಲ. ವೇಷ ನೋಡಿದರೆ ಪಾತ್ರ ಗೊತ್ತಾಗಬೇಕು, ಮಾತು ಆಮೇಲಿನದು ಎಂಬುದು ಅವರು ಕಲಿತ ವಿದ್ಯೆ. ಆ ಪ್ರಕಾರ ಪುಟ ತಿರುವಿ ಅವರು ತೀರ್ಮಾನಿಸಿದ್ದೇನು? ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಹಾರುವವನು ಹಾಸ್ಯಗಾರ. ನೇರಳೆ ನಿಲುವಂಗಿ, ಎತ್ತರದ ಕಾಲರು, ಬಿಳಿ ಕೈಗವಸು ತೊಟ್ಟು ಗಂಭೀರವಾಗಿ ನಿಂತವನು ಕಥಾನಾಯಕ. ಅವನಿಗೆ 'ನೇರಳೆಯವ' ಎಂದು ಅವರೇ ಹೆಸರಿಟ್ಟರು.

ನಾನು ಪುಟದ ಮೇಲಿನ ಇಂಗ್ಲಿಷ್ ಓದಿ, ಅವನು ಕಳ್ಳ, ಕೇಡಿಗ ಎಂದು ತಿಳಿಸಿದೆ. ಮಾವ ಕನಿಕರದಿಂದ ನನ್ನನ್ನು ನೋಡಿದರು. ಕೊನೆಯ ಪುಟ ತೋರಿಸೋಣವೆಂದರೆ ಅದಾಗಲೇ ವಡೆಯ ಸಂಗಡ ಬೊರಿವಲಿಗೆ ಹೋಗಿಬಿಟ್ಟಿತ್ತು! ಕೊನೆಗೆ ಅವನನ್ನು ಪೊಲೀಸರು ಹಿಡಿಯುತ್ತಾರೆ ಮಾವ, ಎಂದೆ.

"ಹಿಡಿದ್ರೆ ಇನ್ನೊಂದು ಪುಸ್ತಕದಲ್ಲಿ ಹ್ಯಾಗೆ ಬಂದ ಮಾರಾಯ? ಅದೂ ಹೊಸ ಬಟ್ಟೆ ಹೊಲಿಸ್ಕೊಂಡು?"

ಹೊಸ ಬಟ್ಟೆಯ ಮಾತು ಸುಳ್ಳಲ್ಲ. ನೇರಳೆಯವ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದ್ದ. ಒಂದರಲ್ಲಿ ನಿಲುವಂಗಿ ನೆಲ ಗುಡಿಸುತ್ತಿತ್ತು, ಜೊತೆಗೆ ಚೂಪು ಮೀಸೆ, ಉದ್ದ ಟೊಪ್ಪಿ. ಇನ್ನೊಂದರಲ್ಲಿ ಅಂಗಿ ಮೊಣಕಾಲಿಗೇರಿ, ಮೀಸೆ ಮಾಯವಾಗಿ, ಕಣ್ಣಿಗೆ ಕಪ್ಪು ಪಟ್ಟಿ ಬಂದಿತ್ತು. ಮತ್ತೊಂದರಲ್ಲಿ ನಿಲುವಂಗಿಯೇ ಇಲ್ಲ, ಮೈಗಂಟಿದ ಹಸಿರು ಉಡುಪು, ಎದೆಯ ಮೇಲೊಂದು ಮಿಂಚು. ಮಾವ ಎಲ್ಲವನ್ನೂ ಗಲ್ಲಾದ ಮೇಲೆ ಹರವಿಕೊಂಡು, ಯಾವುದು ಹಳೆಯದು, ಯಾವುದು ಹೊಸದು ಎಂದು ಹೊಂದಿಸುತ್ತ ಸಂಜೆಯವರೆಗೆ ಕೂತಿರುತ್ತಿದ್ದರು. ನಿಲುವಂಗಿ ಗಿಡ್ಡವಾದದ್ದು ಯುದ್ಧಕಾಲದ ಬಟ್ಟೆ ರೇಶನ್ನಿನಿಂದ ಎಂದು ಪತ್ತೆಮಾಡಿದರು. ನಮ್ಮಲ್ಲೇ ಪಂಚೆಗೆ ಕ್ಯೂ ನಿಂತಿರಲಿಲ್ಲವೇ? ಅಷ್ಟು ದೊಡ್ಡ ಅಂಗಿಗೆ ಪಾಪ, ಅವನಿಗೆ ಯಾರು ಬಟ್ಟೆ ಕೊಟ್ಟಾರು! ಮೀಸೆ ಹೋದದ್ದಕ್ಕೆ ಮಾತ್ರ ಕಾರಣ ತಿಳಿಯದೆ ಬಹಳ ದಿನ ಮಂಕಾಗಿದ್ದರು.

ಆಮೇಲೆ ನಮ್ಮ ಆಟದ ರಾಕ್ಷಸನಿಗೂ ವರ್ಷಕ್ಕೊಂದು ಹೊಸ ವೇಷ ಬಂತು. ಮೊದಲ ಬಾರಿ ಕಟ್ಟಡದ ಕೆಳಗಿನ ದರ್ಜಿಯ ಹತ್ತಿರ ಕೊಡೆಯ ಬಟ್ಟೆಯಲ್ಲೇ ಒಂದು ಭಾರಿ ನಿಲುವಂಗಿ ಹೊಲಿಸಿದರು. ರಂಗದಲ್ಲಿ ಅವರು ಗಿರಕಿ ಹೊಡೆದಾಗ ಅದು ಹಾರಿ, ಹಾಡುತ್ತಿದ್ದ ಭಾಗವತರ ಮೇಲೆ ಬಿತ್ತು. ಭಾಗವತರು ಪದ ನಿಲ್ಲಿಸುವವರಲ್ಲ, ಅದರೊಳಗಿಂದಲೇ ಹಾಡಿದರು. ಎಲ್ಲಿಂದಲೋ ತೇಲಿಬಂದಂತಿದ್ದ ಆ ಪದ ನನಗಂತೂ ಬಹಳ ಸೊಗಸೆನಿಸಿತು. ಮಕ್ಕಳು ನಕ್ಕರು. ಮರುವರ್ಷ ಕಣ್ಣಿಗೆ ಕಪ್ಪು ಪಟ್ಟಿ. ದಾರಿ ಕಾಣದೆ ಮಾವ ಚೆಂಡೆಯವನ ಮೇಲೆಯೇ ಯುದ್ಧ ಸಾರಿದರು. ಮಕ್ಕಳು ಮತ್ತೂ ನಕ್ಕರು. ಇನ್ನೊಂದು ವರ್ಷ ಹಸಿರು ಉಡುಪು. ಮಾವನ ಹೊಟ್ಟೆಗೆ ಅದು ಹೇಳಿಮಾಡಿಸಿದ್ದಲ್ಲ. ಅದರ ವಿಷಯ ನಾನು ಹೆಚ್ಚು ಹೇಳದಿರುವುದೇ ಮರ್ಯಾದೆ.

ಪ್ರತಿಸಲವೂ ಆಟದ ಕೊನೆಗೆ ರಾಕ್ಷಸನನ್ನು ಕೊಲ್ಲುತ್ತಿದ್ದ ರಾಜಕುಮಾರ ಯಾರು ಗೊತ್ತೇ? ಮಾವನ ಹೋಟೆಲಿನ ಸಪ್ಲಾಯರ್. ವರ್ಷವಿಡೀ ಬೈಸಿಕೊಂಡವನಿಗೆ ಧಣಿಯನ್ನು ಕೊಲ್ಲುವ ಭಾಗ್ಯ! ಅದರ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು. ಆದರೆ ಆಟ ಮುಗಿದ ಮೇಲೆ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಒಂದು ಸಲ ಭಾಗವತರು, ನಿನಗೆ ವಯಸ್ಸಾಯಿತು, ಬರುವ ವರ್ಷ ಬೇರೆ ಯಾರಿಗಾದರೂ ವೇಷ ಕೊಡೋಣ ಎಂದುಬಿಟ್ಟರು. ಇನ್ನೊಂದೇ ಒಂದು ವರ್ಷ ಕೊಡಿ ಎಂದು ಮಾವ ಕೈಮುಗಿದರು.

ಅಷ್ಟರಲ್ಲಿ ನನ್ನ ಮದುವೆಯಾಗಿ, ಹೋಟೆಲಿನ ಹಿಂದಿನ ಚಾಳಿನಲ್ಲೇ ಸಂಸಾರ ಹೂಡಿದ್ದೆ. ಮಗಳು ಹುಟ್ಟಿ, ಓಡಾಡುವಷ್ಟಾಗಿದ್ದಳು. ಮಾವನನ್ನು ಅಜ್ಜ ಎನ್ನುತ್ತಿದ್ದಳು. ಮಧ್ಯಾಹ್ನವೆಲ್ಲ ಅವಳು ಅವರ ತೊಡೆಯ ಮೇಲೆ ಕೂತರೆ, ನೇರಳೆಯವನ ಚಿತ್ರ ನೋಡುತ್ತ ಇಬ್ಬರೂ ತೂಕಡಿಸುವರು. ಆ ಕೊನೆಯ ಅವಕಾಶದ ವರ್ಷ ಮಾವ ಹೊಸ ಬಟ್ಟೆ ಹೊಲಿಸಲೇ ಇಲ್ಲ. ಒಂದು ದಿನ ಪುಸ್ತಕಗಳನ್ನು ಸಾಲಾಗಿಟ್ಟು ನನ್ನನ್ನು ಕರೆದರು.

"ನೋಡು, ಅಂಗಿ ಬದಲಾಯ್ತು, ಟೊಪ್ಪಿ ಬದಲಾಯ್ತು. ನಿಲ್ಲುವುದು ಮಾತ್ರ ಹಾಗೇ ಉಂಟು. ಇವ ಬೊಬ್ಬೆ ಹಾಕುದೇ ಇಲ್ಲ."

ಆಟದ ದಿನ ಬೆಳಗಿನಿಂದಲೇ ಕೂತು, ಊರಿನ ಹಳೆಯ ಕ್ರಮದಲ್ಲಿ, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ ಇಟ್ಟುಕೊಂಡರು. ಆ ಬಿಳಿ ಚುಕ್ಕಿಗಳು ಒಣಗಿ ಮುಳ್ಳುಮುಳ್ಳಾಗಿ ನಿಂತವು. ಕೆಂಪು, ಕಪ್ಪು, ಕೋರೆಹಲ್ಲು, ಕಿರೀಟ. ತೆರೆ ಸರಿಯಿತು. ಮಾವ ಆರ್ಭಟಿಸಲಿಲ್ಲ, ಕುಣಿಯಲಿಲ್ಲ. ಒಂದು ಹೆಗಲು ಮುಂದೆ ಮಾಡಿ ಸುಮ್ಮನೆ ನಿಂತರು. ಕಿಟಕಿಯಿಂದ ಬಂದ ಇಳಿಹೊತ್ತಿನ ಬಿಸಿಲು ಆ ಮುಖದ ಮೇಲೆ ಬಿದ್ದಿತ್ತು. ಇದು ನಿಜವೋ ಕನಸೋ ಎಂದು ನನಗೇ ತಿಳಿಯದಾಯಿತು. ಹಾಲ್‌ನಲ್ಲಿ ಒಂದು ಪಿಸುಮಾತಿಲ್ಲ. ಆಗ ಒಂದು ಮಗು ಕಿಟಾರನೆ ಕಿರುಚಿತು.

ಮಾವನ ಕಣ್ಣು ಫಳಕ್ಕನೆ ಹೊಳೆದದ್ದನ್ನು ನಾನು ನೋಡಿದೆ. ಆಮೇಲೆ ಅವರು ಕಿರುಚಿದ್ದು ಯಾರೆಂದು ನೋಡಿದರು. ಅದು ನನ್ನ ಮಗಳು.

ರಾಕ್ಷಸ ರಂಗದ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಕೋರೆಹಲ್ಲು ಕಿತ್ತು ಸೊಂಟಕ್ಕೆ ಸಿಕ್ಕಿಸಿದ. ಕಿರೀಟ ತೆಗೆದು ನೆಲದ ಮೇಲಿಟ್ಟ. ಚೆಂಡೆ ನಿಂತಿತು.

"ಹೆದರಬೇಡ ಮಗಾ. ನಾನು. ಅಜ್ಜ."

ಅವಳು ಬಿಕ್ಕುತ್ತ ಹತ್ತಿರ ಹೋಗಿ ಮೂಗು ಮುಟ್ಟಿ ನೋಡಿದಳು. ಮೂಗು ಅಜ್ಜನದೇ. ಭಾಗವತರು ನಿಟ್ಟುಸಿರುಬಿಟ್ಟು ಮುಂದಿನ ಪದ ಎತ್ತಿಕೊಂಡರು. ಬೊರಿವಲಿಯಿಂದ ಆಟ ನೋಡಲು ಬಂದವರಿಗೆ ಸಂಜೆಯ ಲೋಕಲ್ ಸಿಗಬೇಕಾದರೆ ರಾಕ್ಷಸ ಬೇಗ ಸಾಯಲೇಬೇಕಿತ್ತು. ರಾಜಕುಮಾರ ಕತ್ತಿ ಎತ್ತಿ ಬಂದ. ನನ್ನ ಮಗಳು ಮಾವನ ಕೊರಳಿಗೆ ಜೋತುಬಿದ್ದು, "ಅಜ್ಜನಿಗೆ ಹೊಡೀಬೇಡ" ಎಂದು ಮೊದಲಿಗಿಂತ ಜೋರಾಗಿ ಅತ್ತಳು. ಸಪ್ಲಾಯರನ ಕತ್ತಿ ಮೇಲೆಯೇ ನಿಂತುಹೋಯಿತು. ಹೊಡೆ ಮಾರಾಯ ಎಂದು ಮಾವ ಕಣ್ಸನ್ನೆ ಮಾಡಿದರೂ ಅವನು ಹೊಡೆಯಲಿಲ್ಲ. ಆ ವರ್ಷ ರಾಕ್ಷಸ ಸಾಯಲಿಲ್ಲ. ಭಾಗವತರೇ ಮಂಗಳ ಹಾಡಿ ಆಟ ಮುಗಿಸಿದರು.

ಬಣ್ಣ ತೆಗೆಯುವ ಕೋಣೆಗೆ ಹೋದರೆ ಮಾವ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮಗಳು ಅವರ ತೊಡೆಯೇರಿ, ಪುಟ್ಟ ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಆ ಕೆನ್ನೆಯನ್ನು ಮೆಲ್ಲಗೆ ಉಜ್ಜುತ್ತಿದ್ದಳು. ಬಿಳಿ ಚುಕ್ಕಿಗಳು ಒಂದೊಂದಾಗಿ ಉದುರುತ್ತಿದ್ದವು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆ ಮುಖವನ್ನು ಈ ಊರಿನಲ್ಲಿ ಯಾರೂ ಮುಟ್ಟಿರಲಾರರು ಎಂದು ನನಗೆ ಹೊಳೆಯಿತು. ಏನಾದರೂ ಹೇಳಬೇಕಲ್ಲ ಎಂದು, ಬರುವ ವರ್ಷ ಯಾವ ವೇಷ ಮಾವ, ಎಂದು ಕೇಳಿದೆ.

ಮಾವ ಕಣ್ಣು ತೆರೆಯಲಿಲ್ಲ.

"ಸುಮ್ಮನಿರು ಮಾರಾಯ," ಎಂದರು. "ಮಗು ಒರೆಸ್ತಾ ಉಂಟು."