ಬಾಯಿಬಿಟ್ಟು ಕೇಳಬಾರದ ಟೀ

ಆಗ ನನಗೆ ಅರವತ್ತೆಂಟು. ಇದು ಹದಿನೆಂಟು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಬಂದ ಹೆಂಗಸಿಗೆ ಜನ ಕೊಡುವ ದೊಡ್ಡ ಶಿಕ್ಷೆ ಯಾವುದೆಂದರೆ, "ಸಾಕು ಬಿಡಿ, ಇನ್ನು ನೀವು ಆರಾಮವಾಗಿರಿ" ಎನ್ನುವುದು. ಬೈದರೆ ತಿರುಗಿ ಬೈಯಬಹುದು. ಆರಾಮವಾಗಿರಿ ಎಂದವರನ್ನು ಏನು ಮಾಡುವುದು? ಕೈಯಿಂದ ಸೌಟು ಕಿತ್ತುಕೊಂಡು ಮೇಲೊಂದು ನಗು ಬೇರೆ ಕೊಡುತ್ತಾರೆ. ಇದು ನಮ್ಮ ಕಡೆಯ ಮನೆಗಳಲ್ಲಿ ಮಾತ್ರ ಎಂದುಕೊಂಡಿದ್ದೆ. ಮೆಲ್ಬರ್ನ್‌ನ ಯೆಹೂದ್ಯರಲ್ಲೂ ಇದೇ ಪದ್ಧತಿ ಎಂದು ಅಲ್ಲಿ ಹೋಗಿ ಕಣ್ಣಾರೆ ಕಂಡೆ.

ನಾನು ಮೆಲ್ಬರ್ನಿಗೆ ಹೋದದ್ದು ಮಗಳು ಶೋಭಾಳ ಮಗುವನ್ನು ನೋಡಿಕೊಳ್ಳಲು. ಮಗು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಶೋಭಾಳಿಗೆ ಬಾಕ್ಸ್ ಹಿಲ್‌ನಲ್ಲಿ ಆಫೀಸು, ಅಳಿಯನಿಗೆ ಡ್ಯಾಂಡಿನಾಂಗ್‌ನಲ್ಲಿ ಗೋಡೌನ್ ಕೆಲಸ. ಇಬ್ಬರೂ ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಿದ್ದರು. ರೈಲು ಹತ್ತಿರ ಎಂದು ಹಿಡಿದ ಮನೆ ಅದು. ಹಿಡಿದ ಮೇಲೆ ತಿಳಿಯಿತು, ಆ ಬಡಾವಣೆಯಲ್ಲಿ ನಮ್ಮವರು ಒಬ್ಬರೂ ಇಲ್ಲ, ಸುತ್ತ ಎಲ್ಲ ಯೆಹೂದ್ಯರ ಮನೆಗಳು. ಪಕ್ಕದ ಮನೆಯ ಮುದುಕಿ ಒಂದು ದಿನ ಬೇಲಿಯ ಮೇಲೆ ಒಂದು ಚೀಲ ನಿಂಬೆಹಣ್ಣು ಇಟ್ಟು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಡೀ ದಿನ ಕಿಟಕಿಯಲ್ಲಿ ನಿಂತಿರ್ತೀಯಲ್ಲ, ನಿನಗೆ ಬೇರೆ ಕೆಲಸ ಇಲ್ವಾ?" ಎಂದಳು. ಇಷ್ಟು ನೇರವಾಗಿ ಮಾತಾಡಿದ ಮೊದಲ ಆಸ್ಟ್ರೇಲಿಯಾದವಳು ಅವಳೇ. ಹೆಸರು ಮಿರಿಯಮ್. ನಾನು ಮಿರಿಯಮ್ಮ ಎನ್ನುತ್ತಿದ್ದೆ, ಅವಳು ತಿದ್ದಲಿಲ್ಲ. ಹಂಗೇರಿ ದೇಶದಿಂದ ಹುಡುಗಿಯಾಗಿ ಬಂದವಳು. ಅವಳ ಇಂಗ್ಲಿಷ್ ಮುರುಕು, ನಾನು ಓದಿದ್ದು ಕನ್ನಡದಲ್ಲಿ ಮೂರನೇ ಕ್ಲಾಸು, ಇಂಗ್ಲಿಷ್ ಟೀವಿ ನೋಡಿ ಕಲಿತದ್ದು. ಎರಡು ಮುರುಕು ಸೇರಿದರೆ ಒಂದು ಇಡೀ ಆಗುತ್ತದೆ ಎಂದು ನಮ್ಮ ಸ್ನೇಹದಿಂದ ತಿಳಿಯಿತು. ಅವಳು ಈಗಿಲ್ಲ. ತೊಂಬತ್ತು ದಾಟಿಯೇ ಹೋದಳು, ಅಳುವಂಥದ್ದೇನಿಲ್ಲ.

ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ, ಅದರ ಮಹಿಳಾ ಮಂಡಳಿಗೆ ಮಿರಿಯಮ್ ಅಧ್ಯಕ್ಷೆ. ಮಂಡಳಿ ಎಂದರೆ ಏಳೆಂಟು ಮುದುಕಿಯರು ಮತ್ತು ಒಂದು ಅಡುಗೆಮನೆ. ಒಂದು ಗುರುವಾರ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ನೋಡುತ್ತೇನೆ, ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ತೊಳೆಯುವ ತೊಟ್ಟಿ ಎರಡು, ಒರೆಸುವ ಬಟ್ಟೆ ಎರಡು ಬಣ್ಣ. ಅದು ಇದಕ್ಕೆ ತಗಲಬಾರದು, ಇದು ಅದಕ್ಕೆ ತಗಲಬಾರದು. ನನಗೆ ತವರಿಗೆ ಬಂದಂತಾಯಿತು. ಬೆಂಕಿ ಮಾತ್ರ ಅವರೇ ಹಚ್ಚಬೇಕು, ಬೇರೆಯವರು ಹಚ್ಚಿದರೆ ಅಡುಗೆ ನಡೆಯುವುದಿಲ್ಲ, ಬರೀ ನೀರಾದರೆ ಅಡ್ಡಿಯಿಲ್ಲ. ಅಂದಿನಿಂದ ನಾನು ಆಲೂಗಡ್ಡೆ, ಈರುಳ್ಳಿ ಸುಲಿಯುತ್ತಿದ್ದೆ. ಮೀನು ಬಂದರೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. "ಗೌರಿ, ಮೀನು ಸತ್ತಿದೆ, ಕಚ್ಚಲ್ಲ" ಎಂದು ಒಳಗಿನಿಂದ ಕೂಗಿ ನಗುತ್ತಿದ್ದರು.

ಆ ಮಂಡಳಿ ಮಾಡದ ಕೆಲಸ ಇರಲಿಲ್ಲ. ಮಗು ಹುಟ್ಟಿದರೆ ಇವರ ಕೇಕು ಹೋಗಬೇಕು. ಕಾಯಿಲೆಯಾದರೆ ಇವರ ಸೂಪು. ಸಾವಾದ ಮನೆಯವರು ಮೊದಲ ಊಟ ತಮ್ಮದು ತಾವು ತಿನ್ನಬಾರದಂತೆ, ಅದಕ್ಕೆ ಇವರ ಬೇಯಿಸಿದ ಮೊಟ್ಟೆ. ಸತ್ತವಳು ಹೆಂಗಸಾದರೆ ಮೈ ತೊಳೆದು ಬಿಳಿ ಬಟ್ಟೆ ತೊಡಿಸಲು ಹೋಗುತ್ತಿದ್ದವರೂ ಇವರಲ್ಲೇ ಮೂವರು. ಮಧ್ಯಾಹ್ನ ಆ ಕೆಲಸ ಮುಗಿಸಿ ಬಂದು ಕೈ ತೊಳೆದು ಸುಮ್ಮನೆ ಕ್ಯಾರೆಟ್ ತುರಿಯುತ್ತಿದ್ದರು. ಇನ್ನು ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಒಂದು ಮದುವೆ ಪಂಕ್ತಿಯಷ್ಟು ಜನಕ್ಕೆ ತಿಂಡಿ, ಟೀ. ಗೋಡೆಯ ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರಿದ್ದದ್ದು ಮಾತ್ರ ಸಿನಗಾಗನ್ನು ನಡೆಸುವ ಕಮಿಟಿಯ ಗಂಡಸರದು. ಏನು ಬರೆದಿದೆ ಎಂದು ನನಗೆ ಓದಲು ಬರುತ್ತಿರಲಿಲ್ಲ, ಆದರೆ ಹೆಂಗಸರ ಹೆಸರಲ್ಲ ಎಂದು ಹೇಳಲು ಓದು ಬೇಕಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಕಮಿಟಿಗೆ ಹೆಂಗಸರ ಮೇಲೆ ಕನಿಕರ ಹುಟ್ಟಿತು. ಕಮಿಟಿ ಅಧ್ಯಕ್ಷ ಲಿಯಾನ್, ರಿಟೈರ್ ಆದ ಹಲ್ಲಿನ ಡಾಕ್ಟರು, ಒಳ್ಳೆಯವನೇ. ಅಡುಗೆಮನೆಗೆ ಬಂದು, "ನೀವೆಲ್ಲ ಎಷ್ಟು ದುಡಿದಿದ್ದೀರಿ, ಇನ್ನು ರೆಸ್ಟ್ ತಗೊಳ್ಳಿ. ಈ ಶನಿವಾರದಿಂದ ಕೇಟರಿಂಗ್‌ನವರು ಬರ್ತಾರೆ. ಸರಿಹೋದರೆ ಅದನ್ನೇ ಖಾಯಂ ಮಾಡೋಣ" ಎಂದ. ಒಂದೊಂದು ಹೂಗುಚ್ಛವನ್ನೂ ಕೊಟ್ಟ. ಮಿರಿಯಮ್ ಹೂವನ್ನು ತೊಟ್ಟಿಯೊಳಗೆ ಇಟ್ಟಳು, ಮಾಂಸದ ತೊಟ್ಟಿ.

ಅವಳ ಜೊತೆ ಮನೆಗೆ ನಡೆದೆ. ಗೇಟಿನ ಹತ್ತಿರ ನಿಂತು, "ಹಾಗಾದ್ರೆ ಸಿಡ್ನಿ" ಎಂದಳು. ಸಿಡ್ನಿಯಲ್ಲಿ ಅವಳ ಮಗಳು. ಅಪ್ಪ ಸತ್ತ ಮೇಲೆ, ಅಮ್ಮ ನಮ್ಮ ಜೊತೆ ಬಂದಿರು ಎಂದು ಆ ಮಗಳು ಫೋನಿನಲ್ಲಿ ಅಳುತ್ತಲೇ ಇದ್ದಳು. ಪ್ರತಿ ಸಲವೂ ಮಿರಿಯಮ್ ಕೊಡುತ್ತಿದ್ದ ಉತ್ತರ ಒಂದೇ: ನಾನು ಬಂದರೆ ಶನಿವಾರದ ಟೀ ಯಾರು ಮಾಡುತ್ತಾರೆ? ಈಗ ಆ ಉತ್ತರವೇ ಹೋಯಿತು. ಅವಳು ಹೋದರೆ ಮತ್ತೆ ನಾನು, ನನ್ನ ಕಿಟಕಿ. ಸಂಜೆ ಅಳಿಯನಿಗೆ ಹೇಳಿದರೆ, "ಅತ್ತೆ, ಅವರ ಕಮಿಟಿ ಪಾಲಿಟಿಕ್ಸು ನಿಮಗ್ಯಾಕೆ? ಮೆಲ್ಬರ್ನ್‌ನಲ್ಲೇ ಕನ್ನಡ ಸಂಘ ಇದೆ, ಅಲ್ಲಿ ಬೇಕಾದಷ್ಟು ಜಗಳ ಆಡಬಹುದು" ಎಂದ.

ಶನಿವಾರ ಬಂತು. ನಾನೂ ಮಂಡಳಿಯವರ ಜೊತೆ ಮಹಡಿಯ ಮೇಲೆ ಹೆಂಗಸರ ಸಾಲಿನಲ್ಲಿ ಕುಳಿತು, ಪ್ರಾರ್ಥನೆ ಮುಗಿದ ಮೇಲೆ ಕೆಳಗಿನ ಹಾಲ್‌ಗೆ ಅತಿಥಿಗಳ ಹಾಗೆ ಬಂದೆ. ಮುದುಕಿಯರು ಟೋಪಿ ಸರಿಮಾಡಿಕೊಂಡು, ಕೈ ಮಡಿಲಲ್ಲಿಟ್ಟು ಕುಳಿತರು. ಕೇಟರಿಂಗ್‌ನವರು ಹಿಂದಿನ ದಿನವೇ ಎಲ್ಲ ತಂದಿಟ್ಟು ಹೋಗಿದ್ದರು, ಕೇಕು ಅಂದವಾಗಿತ್ತು. ಲಿಯಾನ್ ಸಂತೋಷದಿಂದ ಒಂದು ಲೋಟ ತೆಗೆದುಕೊಂಡು ಟೀ ಹಂಡೆಯ ನಲ್ಲಿ ತಿರುಗಿಸಿದ. ಹಂಡೆ ಎಂದರೆ ನೀರು ಕಾಯಿಸುವ ಕರೆಂಟಿನ ದೊಡ್ಡ ಸ್ಟೀಲ್ ಪಾತ್ರೆ. ಅದರಿಂದ ಏನೂ ಬರಲಿಲ್ಲ.

ಶನಿವಾರ ಅವರಿಗೆ ಸಬ್ಬತ್ತು. ಬೆಂಕಿ ಹಚ್ಚುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ಹಂಡೆಗೆ ನೀರು ತುಂಬಿ ಕಾಯಲು ಇಟ್ಟುಬಿಡಬೇಕು. ಎಷ್ಟೋ ವರ್ಷದಿಂದ ಪ್ರತಿ ಶುಕ್ರವಾರ ಮಿರಿಯಮ್ ಅದನ್ನು ಮಾಡಿ ಬರುತ್ತಿದ್ದಳು. ಗಂಡಸರು ಬಿಸಿನೀರು ಹಂಡೆಯ ಸ್ವಭಾವ ಎಂದುಕೊಂಡಿದ್ದರು. ನಾನು ಅವಳ ಕಿವಿಯಲ್ಲಿ, "ನಿನ್ನೆ ಯಾಕೆ ಹೋಗ್ಲಿಲ್ಲ?" ಎಂದೆ.

"ನನಗೆ ರೆಸ್ಟ್ ಕೊಟ್ಟಿದ್ರಲ್ಲ."

ಹೊರಗೆ ಕೊರೆಯುವ ಗಾಳಿ. ಬಂದವರೆಲ್ಲ ಒಣ ಕೇಕು ಕೈಯಲ್ಲಿ ಹಿಡಿದು ನಿಂತರು. ಆಮೇಲೆ ಒಬ್ಬೊಬ್ಬರ ಕಣ್ಣೂ ನನ್ನ ಮೇಲೆ ತಿರುಗಿತು. ಆ ಹಾಲ್‌ನಲ್ಲಿ ಯೆಹೂದಿ ಅಲ್ಲದವಳು, ಸ್ವಿಚ್ ಒತ್ತಬಹುದಾದವಳು ನಾನೊಬ್ಬಳೇ. ಆದರೆ ಒತ್ತು ಎಂದು ಬಾಯಿಬಿಟ್ಟು ಕೇಳುವುದೂ ಅವರಿಗೆ ನಿಷಿದ್ಧ. ಸುತ್ತಿ ಬಳಸಿ ಹೇಳಿದರೆ ಅಷ್ಟು ದೋಷವಿಲ್ಲವಂತೆ. ಲಿಯಾನ್ ಬಂದು, "ಗೌರಿ, ಇವತ್ತು ವಿಪರೀತ ಚಳಿ" ಎಂದ. "ಹೌದು, ಎರಡು ಸ್ವೆಟರ್ ಹಾಕಿದೀನಿ" ಎಂದೆ. ಇನ್ನೊಬ್ಬ ಬಂದು, ಇಂಡಿಯಾದಲ್ಲಿ ಈ ಹೊತ್ತಿಗೆ ಟೀ ಕುಡಿಯುತ್ತಾರಂತಲ್ಲ ಎಂದ. ನಾನು ಕಾಫಿಯವಳು ಎಂದೆ. ಕೊನೆಗೆ ಅವರ ಗುರು ರಬ್ಬಿಗಳೇ ಬಂದು, ನನ್ನ ಕಡೆ ನೋಡದೆ, "ಯಾರಾದರೂ ತಮಗೋಸ್ಕರ ನೀರು ಕಾಯಿಸಿಕೊಂಡರೆ ನಾವು ಬೇಡ ಅನ್ನಕ್ಕಾಗುತ್ತಾ?" ಎಂದು ಕಿಟಕಿಗೆ ಹೇಳಿದರು.

ನನಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ನನ್ನ ಅತ್ತೆ ಮಡಿಯಲ್ಲಿದ್ದಾಗ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ಗಾಳಿಯೊಡನೆ ಮಾತಾಡುತ್ತಿದ್ದರು. "ಯಾರ ಮನೇಲೋ ಹಾಲು ಉಕ್ಕೋ ವಾಸನೆ" ಎನ್ನುವರು, ಉಕ್ಕುತ್ತಿದ್ದದ್ದು ನಮ್ಮದೇ. "ಒಣಹಾಕಿದ ಸೀರೆಗೆ ಹನಿ ಬೀಳ್ತಿದೆಯೋ ಏನೋ" ಎಂದರೆ ನಾನು ಮಾಡುವ ಕೆಲಸ ಬಿಟ್ಟು ಓಡಬೇಕು. ಮೂವತ್ತು ವರ್ಷ ಆ ಸ್ಕೂಲಿನಲ್ಲಿ ಓದಿದ್ದೇನೆ. ಲಿಯಾನ್ ಎಲ್ಲಿ, ನಮ್ಮತ್ತೆ ಎಲ್ಲಿ.

ಕಷ್ಟ ಬೇರೆಯೇ ಇತ್ತು. ಸ್ವಿಚ್ ಒತ್ತಿದರೆ ಟೀ ಬರುತ್ತದೆ, ಎಲ್ಲ ಸುಸೂತ್ರವಾಗುತ್ತದೆ, ಕೇಟರಿಂಗ್ ಖಾಯಂ, ಮಿರಿಯಮ್ ಸಿಡ್ನಿಗೆ. ಒತ್ತದಿದ್ದರೆ ಮಕ್ಕಳು ಮರಿ ಎಲ್ಲ ನಡುಗುತ್ತಾ ನನ್ನನ್ನು ಶಪಿಸುತ್ತಾರೆ. ಮಿರಿಯಮ್ ಛಾವಣಿ ನೋಡುತ್ತಿದ್ದಳು. ನನ್ನ ಮೊಣಕೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದಳು.

ನಾನೂ ಗಾಳಿಗೇ ಹೇಳಿದೆ: "ನಮ್ಮ ಕಡೆ ಯಜಮಾನಿಯನ್ನ ಕೇಳದೆ ಇನ್ನೊಬ್ಬರ ಒಲೆ ಮುಟ್ಟಲ್ಲ. ಈ ಅಡುಗೆಮನೆಗೆ ಯಜಮಾನಿ ಯಾರೋ ಗೊತ್ತಾಗ್ತಿಲ್ಲ."

ಲಿಯಾನ್ ಕೆಂಪಗಾದ. ಸಬ್ಬತ್ತಿನ ದಿನ ವ್ಯಾಪಾರದ ಮಾತೂ ಆಡುವಂತಿಲ್ಲ, ಕೇಟರಿಂಗ್ ಬೇಡ ಎನ್ನಲೂ ಅವನಿಗೆ ಬಾಯಿಲ್ಲ. ಮಿರಿಯಮ್‌ಳ ಟೋಪಿಯನ್ನು ನೋಡುತ್ತಾ, "ಇನ್ನೊಬ್ಬರ ಕೈಯ ಟೀ ಈ ಜನಕ್ಕೆ ಒಗ್ಗುತ್ತೆ ಅಂತ ನನಗೆ ಅನ್ನಿಸ್ತಿಲ್ಲ" ಎಂದ. ಮುದುಕಿಯರ ಸಾಲು ಉಸಿರು ಬಿಟ್ಟಿತು. ಮಿರಿಯಮ್ ನನ್ನ ಮೊಣಕೈ ಬಿಟ್ಟು, "ಗೌರಿ, ಇವತ್ತು ಚಳಿ ಜಾಸ್ತಿ, ಅಲ್ವಾ?" ಎಂದಳು.

ಎದ್ದು ಹೋಗಿ ನನಗೊಬ್ಬಳಿಗೆ ಹಂಡೆ ತುಂಬ ನೀರು ಕಾಯಿಸಿಕೊಂಡೆ. ಅರ್ಧ ಲೋಟ ಕುಡಿದೆ. ಉಳಿದದ್ದನ್ನು ಚೆಲ್ಲುವುದು ಪಾಪ ಎಂದು ಎಲ್ಲರೂ ಬಂದರು. ಶಾಸ್ತ್ರದ ಪ್ರಕಾರ ಅದು ಎಷ್ಟು ಸರಿಯೋ ನನಗೆ ತಿಳಿಯದು. ಒಬ್ಬ ಮುದುಕ ಮಾತ್ರ ತಣ್ಣೀರೇ ಕುಡಿದು ಎಲ್ಲರಿಗೂ ತೋರಿಸಿದ.

ಮರುದಿನ ಬೆಳಿಗ್ಗೆ ಮಿರಿಯಮ್ ಏಪ್ರನ್ ಕಟ್ಟಿಕೊಂಡೇ ಬಾಗಿಲು ಬಡಿದಳು. ಕೇಟರಿಂಗ್‌ನವರಿಗೆ ಲಿಯಾನ್ ಫೋನ್ ಮಾಡಿ ಬೇಡ ಎಂದಿದ್ದ. ಇವಳು ಸಿಡ್ನಿಗೆ ಫೋನ್ ಮಾಡಿ ಬಿಡುವಿಲ್ಲ ಎಂದಿದ್ದಳು. "ಗೆದ್ವಿ, ಬಾ" ಎಂದಳು. ಹೋಗಿ ಅಡುಗೆಮನೆ ಬಾಗಿಲು ತೆಗೆದರೆ, ನಾವು ಗೆದ್ದದ್ದು ಹಾಲಿನ ತೊಟ್ಟಿ ತುಂಬ ಎಂಜಲು ಲೋಟ. ಅಲ್ಲಿ ಲಿಯಾನ್ ಅಂಗಿಯ ತೋಳು ಮಡಿಸಿ, ಒರೆಸುವ ಬಟ್ಟೆ ಹಿಡಿದು ನಿಂತಿದ್ದ. "ನಿಮಗೆ ತೊಂದರೆ ಕೊಟ್ಟೆ, ಇದನ್ನಾದರೂ ನಾನು ಮಾಡ್ತೀನಿ" ಎಂದ. ನನ್ನ ಅರವತ್ತೆಂಟು ವರ್ಷದಲ್ಲಿ ಲೋಟ ತೊಳೆಯುತ್ತೇನೆಂದು ತಾನಾಗಿ ಬಂದ ಮೊದಲ ಗಂಡಸು ಅವನು. ಮುಟ್ಟಿದ್ದು ಹಾಲಿನ ಲೋಟ, ಹಿಡಿದದ್ದು ಮಾಂಸದ ಬಟ್ಟೆ. ನಾನು ಎರಡನ್ನೂ ಅವನ ಕೈಯಿಂದ ಕಿತ್ತುಕೊಂಡು, "ಸಾಕು ಬಿಡಿ, ನೀವು ಹೊರಗೆ ಆರಾಮವಾಗಿ ಕೂತ್ಕೊಳ್ಳಿ" ಎಂದು ನಕ್ಕು, ಬಾಗಿಲು ಹಾಕಿಕೊಂಡೆ.